ಹೆಪ್ಪು ಯಾರ ಮನೆಯದು

ಬಿಳಿಗೆರೆ
8 ಸೆಪ್ಟೆಂಬರ್ 2024

ಪ್ರೀತಿಯ ಸೂರಿ,

ಇಲ್ಲಿ ಅವ್ವ, ಎಮ್ಮೆ, ಹೆಪ್ಪು ಮೂವರೂ ಕ್ಷೇಮ. ನೆಲಮಂಗಲದಲ್ಲಿ ನೀನೂ ಹಾಗೇ ಇದ್ದೀಯ ಅಂದುಕೊಂಡಿದ್ದೇನೆ.

ರಂಗರಾಜಣ್ಣನ ಬಸ್ಸಿನಲ್ಲಿ ಈ ತಿಂಗಳ ಹೆಪ್ಪಿನ ಬಾಟಲಿ ಕಳಿಸಿದ್ದೇನೆ. ಮುಚ್ಚಳ ಸಡಿಲ ಬಿಟ್ಟಿದ್ದೇನೆ, ಇಲ್ಲದಿದ್ದರೆ ಗುಬ್ಬಿ ದಾಟುವುದರೊಳಗೆ ಸಿಡಿದು ಡ್ರೈವರ್ ಸೀಟೆಲ್ಲ ಅಭಿಷೇಕವಾಗುತ್ತದೆ. ಹೋದ ಸಲ ಪತ್ರ ಕೊಟ್ಟಾಗ ರಂಗರಾಜಣ್ಣ ಮಾಮೂಲಿನಂತೆ ನಕ್ಕರು. "ಕೈಯಾಗೆ ಫೋನ್ ಮಡಿಕ್ಕೊಂಡು ಇಷ್ಟುದ್ದ ಏನ್ ಬರೀತೀರಪ್ಪ ನೀವು? ನಮ್ಮನೆಯೋಳ್ಗೂ ನಾನು ಇಷ್ಟು ಬರ್ದಿಲ್ಲ" ಅಂದರು. ಮೊದಲ ವರ್ಷ ಚೀಟಿ ಇಲ್ಲದೆ ಕಳಿಸಿದ ಬಾಟಲಿಯನ್ನು ಯಾರೋ ಕೆಟ್ಟ ಮಜ್ಜಿಗೆ ಅಂತ ಬಸ್‌ಸ್ಟ್ಯಾಂಡಿನ ಚರಂಡಿಗೆ ಸುರಿದರಲ್ಲ, ಅವತ್ತು ಶುರುವಾದ ಚೀಟಿ ಬೆಳೆದು ಬೆಳೆದು ಪತ್ರವಾಗಿದೆ. ಬಿಡಲು ನನಗೆ ಮನಸ್ಸಿಲ್ಲ.

ಈಗ ಮುಖ್ಯ ವಿಷಯ. ಚಿಪ್ಪಿನ ಬಿಯರ್ ಬಾಟಲಿಗೆ ಇಳಿದಿದೆ, ಮನೆಬಿಯರ್ ಸ್ಪರ್ಧೆಗೆ ಕಳಿಸುತ್ತಿದ್ದೇನೆ! ನೆನಪಿದೆಯಾ, ತಿಪಟೂರಿನ ಕಡೆಯವರು ನಾವು, ಕೊಬ್ಬರಿ ಹಾಕದಿದ್ದರೆ ಮರ್ಯಾದೆ ಏನು ಅಂತ ಮೊದಲ ಸಲ ಉಂಡೆ ಕೊಬ್ಬರಿ ತುರಿದು ಹುರಿದು ಹಾಕಿದ್ದು? ಮೇಲೆಲ್ಲ ಎಣ್ಣೆ ತೇಲಿ, ನೊರೆ ಅನ್ನುವುದು ಹುಟ್ಟುವ ಮೊದಲೇ ಸತ್ತಿತ್ತು. ಬಿಯರೋ ತಲೆಗೆ ಹಚ್ಚುವ ಎಣ್ಣೆಯೋ ಅಂತ ನೀನು ನಕ್ಕಿದ್ದೆ. ಆಮೇಲೆ ತಾನೆ ಕೊಬ್ಬರಿ ಬಿಟ್ಟು ಅದರ ಚಿಪ್ಪನ್ನು ಕೆಂಡದಲ್ಲಿ ಹುರಿದು ಹಾಕಿದ್ದು. ಎಣ್ಣೆ ಇಲ್ಲ, ಪರಿಮಳ ಪೂರ್ತಿ. ಈ ಸಲ ರಾಗಿ ಮೊಳಕೆಯನ್ನು ಇನ್ನೊಂದಿಷ್ಟು ಕಪ್ಪಗೆ ಹುರಿದಿದ್ದೇನೆ. ಲೋಟಕ್ಕೆ ಸುರಿದರೆ ನೊರೆ ಎಮ್ಮೆ ಹಾಲಿನ ನೊರೆಯ ಹಾಗೆ ನಿಲ್ಲುತ್ತದೆ, ದೇವರಾಣೆಗೂ.

ಮೊನ್ನೆ ಹುಚ್ಚಕ್ಕನ ಸೊಸೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಿದ್ದಳು. ಅವ್ವ ಫ್ರಿಜ್ಜಿನಲ್ಲಿ ನಮ್ಮ ಯೀಸ್ಟಿನ ಬಾಟಲಿಗೇ ಕೈ ಹಾಕಿದ್ದಳು, ನಾನು ಓಡಿ ಬಂದು ತಪ್ಪಿಸಿದೆ. ಇಲ್ಲದಿದ್ದರೆ ಆ ಮನೆಯವರೆಲ್ಲ ಬೆಳಗ್ಗೆ ಹಾಡು ಹೇಳುತ್ತಾ ಏಳುತ್ತಿದ್ದರು. ಅವ್ವ ಎಂದಿನಂತೆ ಆ ಹುಡುಗಿಗೆ ಪಾಠ ಒಪ್ಪಿಸಿದಳು: "ದೀಪ ಹಚ್ಚೋಕ್ ಮುಂಚೆ ತಗೊಂಡ್ ಹೋಗು. ಯಾರ ಮನೆ ಹೆಪ್ಪು ಅಂತ ಕೇಳಿದ್ರೆ ಸಿದ್ದಮ್ಮನ ಮನೇದು ಅನ್ಬೇಕು." ಅರ್ಧ ಊರಿನ ಮೊಸರು ತನ್ನದೇ ಅಂತ ಅವಳಿಗೆ ಜಂಬ. ನಮ್ಮ ಯೀಸ್ಟನ್ನು ನಾವು ಹೆಪ್ಪು ಅಂತ ಕರೆಯುವುದು ಅವಳಿಂದಲೇ ಬಂದದ್ದು. ಬಾವಿ ಪಕ್ಕದ ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾದಿಂದ ನಾವಿಬ್ಬರೂ ಅದನ್ನು ಹಿಡಿದು ಆರು ವರ್ಷವಾಯಿತು ಅಂದರೆ ನಂಬಿಕೆ ಬರುವುದಿಲ್ಲ.

ನೀನು ಈಗ ಜಡ್ಜ್ ಸಾಹೇಬರು. ನಮ್ಮದು ನಿನ್ನ ಮೇಜಿಗೇ ಬಂದರೆ ಏನು ಮಾಡುತ್ತೀಯ?

ನಿನ್ನ,
ಜ್ಞಾನಿ

*

ನೆಲಮಂಗಲ
17 ಸೆಪ್ಟೆಂಬರ್ 2024

ಪ್ರಿಯ ಜ್ಞಾನೇಶ,

ಹೆಪ್ಪು ತಲುಪಿತು. ಬಾಟಲಿ ತೆರೆದ ಕೂಡಲೇ ಮನೆಯೆಲ್ಲ ಹೊಂಬಾಳೆ ಬಿಚ್ಚಿದ ವಾಸನೆ. ನಮ್ಮನೆಯವಳು ಸುನಂದಾ ಮೂಗು ಮುಚ್ಚಿಕೊಂಡು "ನಿಮ್ಮ ಸ್ನೇಹಿತರ ಸವಾರಿ ಬಂತು" ಅಂದಳು.

ಜಡ್ಜ್ ಅಂದರೆ ತಮಾಷೆಯಲ್ಲ ಕಣೋ. ಪರೀಕ್ಷೆಗೆ ಎರಡು ವರ್ಷ ಓದಿದ್ದೇನೆ. ಜ್ಯೂಸ್ ಕಾರ್ಖಾನೆಯಲ್ಲಿ ದಿನಾ ರುಚಿ ನೋಡುವವನಿಗೆ ಇದೇನು ಮಹಾ ಅಂದುಕೊಂಡಿದ್ದೆ, ಆದರೆ ಇದರ ಶಿಸ್ತೇ ಬೇರೆ. ಬಾಟಲಿಯ ಮೇಲೆ ಹೆಸರು, ಚೀಟಿ, ಗೀರು ಏನೂ ಇರಬಾರದು. ಇದ್ದರೆ ಅಲ್ಲೇ ಹೊರಗೆ. ಒಳಗಿನ ಕೋಣೆಯಲ್ಲಿ ಬೇರೆಯವರು ಲೋಟಕ್ಕೆ ಬಗ್ಗಿಸಿ ತರುತ್ತಾರೆ, ನಮಗೆ ಕಾಣುವುದು ನಂಬರ್ ಮಾತ್ರ. ಒಂದು ಮೇಜಿಗೆ ಇಬ್ಬರು. ಅವತ್ತು ಬೆಳಗ್ಗೆ ಕಾಫಿ ಕುಡಿಯುವಂತಿಲ್ಲ, ಸೆಂಟು ಹಾಕುವಂತಿಲ್ಲ. ಮೊದಲು ಮೂಸಿ, ಆಮೇಲೆ ಬಣ್ಣ ನೊರೆ ನೋಡಿ, ಆಮೇಲೆ ಕುಡಿದು, ಬಾಯಿ ಬಿಡದೆ ಐವತ್ತಕ್ಕೆ ಅಂಕ ಬರೆಯಬೇಕು. ಬರೆದ ಮೇಲೆ ಇಬ್ಬರೂ ಮಾತಾಡಬೇಕು. ಅಂಕಗಳು ತೀರಾ ದೂರ ಇದ್ದರೆ ಒಬ್ಬರು ಇಳಿಯಬೇಕು, ಇನ್ನೊಬ್ಬರು ಏರಬೇಕು.

ನಿನ್ನ ಪ್ರಶ್ನೆಗೂ ನಿಯಮ ಇದೆ. ಯಾರ ಬಿಯರ್ ಅಂತ ಗುರುತು ಸಿಕ್ಕರೆ ಜಡ್ಜ್ ಎದ್ದು ಹೇಳಬೇಕು, ಆ ಲೋಟ ಬೇರೆ ಮೇಜಿಗೆ ಹೋಗುತ್ತದೆ. ನಿನ್ನದು ಬಂದರೆ ನಾನು ಎದ್ದು ಹೋಗುತ್ತೇನೆ. ಅವ್ವನ ಆಣೆ.

ನಾನು ಈ ಸಲ ಕಪ್ಪು ಬಿಯರಿನ ಮೇಜಿಗೆ ಕೂರಬಹುದು. ಜಡ್ಜ್‌ಗಳು ತಾವು ಕೂರದ ವಿಭಾಗದಲ್ಲಿ ಸ್ಪರ್ಧಿಸಬಹುದು, ಹಾಗಾಗಿ ಗೋಧಿ ಬಿಯರಿನಲ್ಲಿ ನನ್ನದೊಂದು ಇದೆ. ಹೆಪ್ಪು ನಮ್ಮದೇ. ಕೊನೆಯಲ್ಲಿ ಎಲ್ಲ ವಿಭಾಗದ ಗೆದ್ದವುಗಳನ್ನೂ ಒಟ್ಟಿಗೆ ಇಟ್ಟು ಬೇರೆ ಜಡ್ಜ್‌ಗಳು ಒಂದನ್ನು ಆರಿಸುತ್ತಾರೆ. ಅದನ್ನು ಬೆಂಗಳೂರಿನ ಒಂದು ಪಬ್ಬಿನವರು ದೊಡ್ಡ ಹಂಡೆಯಲ್ಲಿ ಮಾಡಿ, ಮಾಡಿದವನ ಹೆಸರು ಬೋರ್ಡಿನಲ್ಲಿ ಬರೆಯುತ್ತಾರಂತೆ. ಯೋಚನೆ ಮಾಡು, ಹುಟ್ಟೂರಿನ ಹೆಸರೂ ಸೇರಿಸಿ ಮಾಯಸಂದ್ರದ ಸೂರ್ಯಪ್ರಕಾಶ ಅಂತ ಬೋರ್ಡಿನಲ್ಲಿ!

ನಿನ್ನ,
ಸೂರಿ

*

ಬಿಳಿಗೆರೆ
22 ಅಕ್ಟೋಬರ್ 2024

ಪ್ರೀತಿಯ ಸೂರಿ,

ಗೆದ್ದುಬಿಟ್ಟೆಯಲ್ಲೋ! ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅವ್ವನಿಗೆ ಯಾವ ಸ್ಪರ್ಧೆ ಅಂತ ಹೇಳಲಿಲ್ಲ, ಸೂರಿಗೆ ಬಹುಮಾನ ಬಂತು ಅಂದೆ ಅಷ್ಟೆ. ಕಾಯಿ ಹೋಳಿಗೆ ಮಾಡಿ ನಿನ್ನ ಹೆಸರಿನಲ್ಲಿ ನನಗೆ ತಿನ್ನಿಸಿದಳು. ನಮ್ಮ ಹೆಪ್ಪಿನ ಬಿಯರ್ ಬೆಂಗಳೂರಿನ ಪಬ್ಬಿನಲ್ಲಿ ಹರಿಯುತ್ತದೆ ಅಂದರೆ ನನಗೆ ನಾನೇ ಗೆದ್ದಷ್ಟು ಸಂತೋಷ. ಇದು ಬಾಯಿಮಾತಲ್ಲ.

ನನ್ನದರ ಸುದ್ದಿ ಬೇರೆ. ಐವತ್ತಕ್ಕೆ ಇಪ್ಪತ್ತೊಂಬತ್ತು, ಮೊದಲ ಸುತ್ತಿಗೇ ಮನೆಗೆ. ಅಂಕ ಹೋಗಲಿ ಬಿಡು. ಜೊತೆಗೆ ಕಳಿಸಿದ ಅಭಿಪ್ರಾಯ ಓದಿ ಊಟ ಸೇರಲಿಲ್ಲ. ಹೊಗೆಯ ವಾಸನೆ ದೋಷವಂತೆ. ಕಾಡು ಯೀಸ್ಟ್ ಸೇರಿಕೊಂಡಿರಬಹುದಂತೆ. ಪಾತ್ರೆಗಳನ್ನು ಸ್ವಚ್ಛವಾಗಿ ತೊಳೆಯುವುದನ್ನು ಮೊದಲು ಕಲಿಯಬೇಕಂತೆ. ಸೂರಿ, ನನ್ನ ಪಾತ್ರೆ ನೋಡಿದ್ದೀಯಲ್ಲ ನೀನು. ನಮ್ಮವ್ವ ದೇವರ ಸಾಮಾನು ಹಾಗೆ ಉಜ್ಜುವುದಿಲ್ಲ.

ಆದರೂ ಬಲ್ಲವರು ಬರೆದದ್ದು ಅಲ್ಲವಾ? ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ಮನೆಯಲ್ಲಿ ಉಳಿದ ಬಾಟಲಿಗಳನ್ನೆಲ್ಲ ಒಂದೊಂದೇ ತೆರೆದು ಮೂಸಿದೆ. ಮೊದಲು ಚಿಪ್ಪಿನ ಪರಿಮಳ ಬಂತು. ಆಮೇಲೆ ಆ ಮಾತುಗಳು ತಲೆಯಲ್ಲಿ ಕೂತು, ನನಗೂ ಹೊಗೆ, ಕೊಳಕು ಅಂತಲೇ ಅನ್ನಿಸತೊಡಗಿತು. ಎಲ್ಲವನ್ನೂ ತಿಪ್ಪೆಗೆ ಸುರಿದುಬಿಟ್ಟೆ. ನೊರೆ ಎಷ್ಟು ಹೊತ್ತು ಹಾಗೇ ನಿಂತಿತ್ತು ಗೊತ್ತಾ, ನೋಡಲಾಗದೆ ಒಳಗೆ ಬಂದೆ.

ಜಡ್ಜ್‌ಗಳ ಹೆಸರು ಕಾಗದದಲ್ಲಿ ಇರುವುದಿಲ್ಲ, ನಿನಗೆ ಗೊತ್ತಿರುವುದೇ. ಆ ಮೇಜಿನಲ್ಲಿ ಯಾರಿದ್ದರು ಅಂತ ನಿನಗೆ ತಿಳಿದರೆ ಒಂದು ಮಾತು ಕೇಳಿ ಹೇಳು. ಜಗಳಕ್ಕಲ್ಲ. ಹೆಪ್ಪಿಗೆ ನಿಜವಾಗಿ ಏನಾದರೂ ಸೇರಿದ್ದರೆ ಅದನ್ನೂ ಚೆಲ್ಲಬೇಕಲ್ಲ. ಬಾಟಲಿ ಕೈಯಲ್ಲಿ ಹಿಡಿದು ಬಚ್ಚಲ ತನಕ ಹೋಗಿ ವಾಪಸ್ ಬಂದಿದ್ದೇನೆ. ನೀನು ಏನು ಹೇಳುತ್ತೀಯೋ ಹಾಗೆ.

ನಿನ್ನ,
ಜ್ಞಾನಿ

*

ನೆಲಮಂಗಲ
3 ನವೆಂಬರ್ 2024

ಪ್ರಿಯ ಜ್ಞಾನೇಶ,

ಕೆಲಸದ ಗಡಿಬಿಡಿ, ತಡವಾಯಿತು.

ಹೆಪ್ಪು ಚೆಲ್ಲಬೇಡ. ಅದು ಚೆನ್ನಾಗಿಯೇ ಇದೆ. ಜಡ್ಜ್‌ಗಳು ಬರೆದದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು, ಒಬ್ಬೊಬ್ಬರ ನಾಲಿಗೆ ಒಂದೊಂದು ಥರ. ಅವತ್ತು ಮೇಜುಗಳು ಬಹಳ ಇದ್ದವು. ನಿನ್ನದು ಯಾವ ಮೇಜಿಗೆ ಹೋಯಿತು, ಯಾರು ನೋಡಿದರು ನನಗೆ ತಿಳಿಯದು. ಕೇಳುವುದೂ ಸರಿಯಲ್ಲ, ನಿಯಮಕ್ಕೆ ವಿರುದ್ಧ.

ಮುಂದಿನ ವರ್ಷ ಚಿಪ್ಪು ಗಿಪ್ಪು ಬಿಟ್ಟು ಸರಳವಾಗಿ ಏನಾದರೂ ಮಾಡು. ಉಳಿದ ಬಾಟಲಿಗಳನ್ನು ಸುರಿಯಬಾರದಿತ್ತು.

ಸೂರಿ

*

ಬಿಳಿಗೆರೆ
1 ಡಿಸೆಂಬರ್ 2024

ಸೂರಿ,

ಅವ್ವ ಕ್ಷೇಮ, ಎಮ್ಮೆ ಕ್ಷೇಮ. ಈ ಸಲ ಬರೀ ಪತ್ರ, ಬಾಟಲಿ ಇಲ್ಲ. ನಿನ್ನೆ ಹಾಗಂತ ತಿಳಿಸಿದಾಗ ರಂಗರಾಜಣ್ಣ "ಯಾಕಪ್ಪ, ಬಾಟ್ಲು ಒಡೆದೋಯ್ತಾ?" ಅಂದರು. ಹೂಂ ಅಂದೆ.

ಹೋದ ಭಾನುವಾರ ಒಬ್ಬರು ಮನೆಗೆ ಬಂದಿದ್ದರು. ಗಿರಿಜಾಂಬಿಕಾ ಅಂತ. ಹಾಸನದ ಅಕ್ಕನ ಮನೆಗೆ ಹೋಗುವವರು ಕಿಬ್ಬನಹಳ್ಳಿ ಕ್ರಾಸಿನಿಂದ ಫೋನ್ ಮಾಡಿದರು. ಫಲಿತಾಂಶ ಬಂದ ಮೇಲೆ ಸ್ಪರ್ಧೆಯವರ ಹತ್ತಿರ ನನ್ನ ನಂಬರ್ ಕೇಳಿ ತೆಗೆದುಕೊಂಡರಂತೆ. "ನಿಮ್ಮ ಬಿಯರಿಗೆ ಅಂಕ ಹಾಕಿದೋರಲ್ಲಿ ನಾನೂ ಒಬ್ಳು. ಒಂದ್ಸಲ ನೋಡ್ಬೇಕು ಅನ್ನಿಸ್ತು" ಅಂದರು. ನಾನು ಬಾಯಿ ತುಂಬಾ ಬನ್ನಿ ಅಂದೆ. ಫೋನ್ ಇಟ್ಟವನೇ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆದಿಟ್ಟೆ.

ಕೊಬ್ಬರಿ ಮನೆಗೆ ಕರೆದುಕೊಂಡು ಹೋದೆ. ಮೇಲೆ ಅಟ್ಟದಲ್ಲಿ ಇಲಿ ಓಡಿ ಒಣಗಿದ ಕಾಯಿಗಳು ಗಲಗಲ ಅಂದವು. ಅವರು ಬೆಚ್ಚಿ, ಏನದು ಅಂದರು. ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟರೆ ಹಾಗೆ ಸದ್ದು ಬರುತ್ತದೆ ಅಂತ ಹೇಳಿ, ಒಂದು ಕಾಯಿ ಇಳಿಸಿ ಒಡೆದು ತೋರಿಸಿದೆ. ಚಿಪ್ಪನ್ನು ಕೆಂಡದ ಮೇಲಿಟ್ಟೆ. ಅವರು ಕಣ್ಣು ಮುಚ್ಚಿ ಮೂಸಿದರು. "ಇದೇ. ಇದೇ ಕಣ್ರೀ ಅವತ್ತು ನಂಗೆ ಬಂದಿದ್ದು. ನಾನು ನಲವತ್ತು ಬರ್ದಿದ್ದೆ" ಅಂದರು.

ಜೊತೆಯಲ್ಲಿ ಕೂತಿದ್ದವರು ಇಪ್ಪತ್ತಾರು ಬರೆದಿದ್ದರಂತೆ. ಹೊಗೆ ದೋಷ, ಕಾಡು ಯೀಸ್ಟ್ ಇದೆ, ಮಾಡಿದವನಿಗೆ ಶುಚಿ ಗೊತ್ತಿಲ್ಲ ಅಂತ ಒಂದೇ ಸಮ ವಾದ ಮಾಡಿದರಂತೆ. ಇವರಿಗೆ ಅದು ಎರಡನೇ ಸ್ಪರ್ಧೆ. ಓದಿಕೊಂಡವರು ಅಷ್ಟು ಗಟ್ಟಿಯಾಗಿ ಹೇಳುವಾಗ ತನ್ನ ಮೂಗೇ ಸುಳ್ಳಿರಬೇಕು ಅಂತ ಮೂವತ್ತೆರಡಕ್ಕೆ ಇಳಿದರಂತೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಬಂದೆ ಅಂದರು. ನಾನು ಅವರಿಗೇ ಸಮಾಧಾನ ಹೇಳಿದೆ ಸೂರಿ! ಇರಲಿ ಬಿಡಿ ಮೇಡಂ, ಅವರೂ ತಿಳಿದವರೇ ಇರಬೇಕು ಅಂದೆ.

ಅವ್ವ ಕಾಫಿ ತಂದಳು. ಲೋಟ ತೆಗೆದುಕೊಳ್ಳುವಾಗ ಅವರು ಗೋಡೆಯ ಕಡೆ ನೋಡಿದರು. ಕ್ಯಾಲೆಂಡರ್ ಪಕ್ಕ ನಮ್ಮ ಫೋಟೋ ಇದೆಯಲ್ಲ, ನೊರೆಯಿಲ್ಲದ ಬಿಯರಿನ ಕೊಡ ಹಿಡಿದು ಇಬ್ಬರೂ ಹಲ್ಲು ಕಿಸಿದದ್ದು.

"ಇವ್ರು ನಿಮಗೆ ಗೊತ್ತಾ?" ಅಂದರು.

"ನಮ್ಮ ಸೂರಿ ಮೇಡಂ. ಕಾಲೇಜಿನಿಂದ ಜೊತೇಲಿ ಇದೀವಿ. ಈ ಹೆಪ್ಪು, ಈ ಚಿಪ್ಪು ಎಲ್ಲಾ ಇಬ್ರೂ ಸೇರಿ ಮಾಡಿದ್ದು" ಅಂದೆ. ಜಂಬದಿಂದಲೇ ಅಂದೆ.

ಅವರು ಕಾಫಿ ಕೆಳಗಿಟ್ಟರು. ಅವತ್ತು ಜೊತೆಯಲ್ಲಿ ಕೂತಿದ್ದವರು ಯಾರು ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವ್ವ ಮಾತ್ರ "ಯಾಕವ್ವ, ಸಕ್ಕರೆ ಕಮ್ಮಿಯಾಯ್ತಾ?" ಅಂತ ಕೇಳುತ್ತಲೇ ಇದ್ದಳು.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕತ್ತಲಲ್ಲಿ ಕೊಟ್ಟರೂ ಆ ವಾಸನೆ ನಿನಗೆ ಗೊತ್ತಾಗುತ್ತದೆ. ಎದ್ದು ಹೋಗುತ್ತೇನೆ ಅಂತ ನಮ್ಮವ್ವನ ಆಣೆ ಇಟ್ಟಿದ್ದೆ. ಕೂತೆ. ಕೂತು ಕಡಿಮೆ ಅಂಕ ಕೊಟ್ಟರೂ ನಾನು ತಡೆದುಕೊಳ್ಳುತ್ತಿದ್ದೆ. ನನ್ನನ್ನು ಪಾತ್ರೆ ತೊಳೆಯಲು ಬಾರದವನು ಅಂದೆ. ನಾನು ಎಲ್ಲವನ್ನೂ ತಿಪ್ಪೆಗೆ ಸುರಿದೆ ಅಂತ ಬರೆದಾಗಲೂ ಬಾಯಿ ಬಿಡಲಿಲ್ಲ. ಸುರಿಯಬಾರದಿತ್ತು ಅಂತ ನನಗೇ ಬುದ್ಧಿ ಹೇಳಿದೆ. ಇನ್ನೊಂದು ಮಾತು. ನಿನ್ನ ಗೋಧಿ ಬಿಯರಿನಲ್ಲೂ ಅದೇ ಹೆಪ್ಪು. ಅಲ್ಲಿ ಅದಕ್ಕೆ ಹೂವಿನ ಪರಿಮಳ ಅಂತ ಬಹುಮಾನ ಬಂತು. ನನ್ನ ಲೋಟದಲ್ಲಿ ಅದು ಕಾಡು ಯೀಸ್ಟ್ ಹೇಗಾಯಿತು, ಜಡ್ಜ್ ಸಾಹೇಬರು ತಿಳಿಸಬೇಕು.

ಒಟ್ಟಿಗೆ ಹುರಿದ ಚಿಪ್ಪನ್ನೇ ಕೊನೆಗೆ ನನ್ನ ಕೈಗೆ ಕೊಟ್ಟೆ.

ಜ್ಞಾನೇಶ

*

ನೆಲಮಂಗಲ
5 ಜನವರಿ 2025

ಜ್ಞಾನೇಶ,

ನಿನ್ನ ಪತ್ರ ಬಂದು ತಿಂಗಳಾಯಿತು. ಸಿಟ್ಟಿನಲ್ಲಿ ಬರೆದಿದ್ದೀಯ, ಸಿಟ್ಟು ಇಳಿಯಲಿ ಅಂತ ಸುಮ್ಮನಿದ್ದೆ.

ಹೌದು, ಆ ಮೇಜಿನಲ್ಲಿ ನಾನಿದ್ದೆ. ನಿನ್ನದಿರಬಹುದು ಅಂತ ಅನುಮಾನ ಬಂತು. ಅನುಮಾನಕ್ಕೆಲ್ಲ ಎದ್ದು ಹೋಗುತ್ತಿದ್ದರೆ ಸ್ಪರ್ಧೆ ನಡೆಯುವುದಿಲ್ಲ. ಹೊಸದಾಗಿ ಜಡ್ಜ್ ಆದವನು ನಾನು. ಸ್ನೇಹಿತನದು ಅಂತ ಕೈ ಸಡಿಲ ಬಿಟ್ಟೆ ಅಂತ ಯಾರೂ ಅನ್ನಬಾರದು ಅಂತ ಸ್ವಲ್ಪ ಬಿಗಿಯಾಗಿಯೇ ನೋಡಿದೆ. ನಿಷ್ಪಕ್ಷಪಾತ ಅಂದರೆ ಅದೇ ಅಲ್ಲವಾ? ಬೇರೆಯವರದಾಗಿದ್ದರೆ ಇನ್ನೂ ನಾಲ್ಕು ಅಂಕ ಕೊಡುತ್ತಿದ್ದೆನೇನೋ. ಅಷ್ಟಕ್ಕೆ ಇಷ್ಟು ರಂಪ ಬೇಕಿರಲಿಲ್ಲ.

ಸ್ವಲ್ಪ ಯೋಚಿಸು. ನಿನ್ನದೂ ಗೆದ್ದು ಕೊನೆಯ ಸುತ್ತಿಗೆ ಬಂದಿದ್ದರೆ, ಒಂದೇ ಹೆಪ್ಪಿನ ಎರಡು ಬಿಯರ್ ಎದುರು ಬದುರು ಕೂರುತ್ತಿದ್ದವು. ಆಗ ಜನ ಏನನ್ನುತ್ತಿದ್ದರು? ಇಬ್ಬರಿಗೂ ಮುಜುಗರ ತಪ್ಪಿತು ಅಂದುಕೋ.

ಆ ಹೆಂಗಸು ಮೇಜಿನ ಮಾತನ್ನು ಮನೆಮನೆಗೆ ಹೋಗಿ ಹೇಳಿದ್ದು ಸರಿಯಲ್ಲ. ಅವ್ವನಿಗೆ ಈ ವಿಷಯ ಹೇಳಿಲ್ಲ ತಾನೆ?

ಸೂರ್ಯಪ್ರಕಾಶ

*

ಬಿಳಿಗೆರೆ
12 ಜನವರಿ 2025

ಸೂರಿ,

ಲೋಟ ಮೂಗಿನ ಹತ್ತಿರ ಇಟ್ಟುಕೊಂಡಾಗಲೇ ನೀನು ಕೊನೆಯ ಸುತ್ತಿನ ಲೆಕ್ಕ ಹಾಕುತ್ತಿದ್ದೆ. ನಿನಗೇ ತಿಳಿಯದೆ ಬರೆದುಬಿಟ್ಟಿದ್ದೀಯ. ಚಿಪ್ಪಿನ ಬಿಯರ್ ಅಲ್ಲಿಯವರೆಗೆ ಬಂದರೆ ನಿನ್ನ ಗೋಧಿ ಬಿಯರ್ ನಿಲ್ಲುವುದಿಲ್ಲ ಅಂತ ನಿನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದ್ದರೆ ನಾನೇ ಸ್ಪರ್ಧೆಗೆ ಕಳಿಸದೆ ಬಿಡುತ್ತಿದ್ದೆನಲ್ಲೋ! ಅಷ್ಟು ಸಲುಗೆಯೂ ಇರಲಿಲ್ಲವಾ ನಮ್ಮಲ್ಲಿ?

ಬಹುಮಾನ ನಿನಗೇ ಇರಲಿ. ಪಬ್ಬು, ಬೋರ್ಡು ಎಲ್ಲ ನಿನಗೇ ಇರಲಿ. ನನಗೆ ಬೇಕಾದ್ದು ಒಂದೇ. ಗಿರಿಜಾಂಬಿಕಾ ಅವರ ಮುಂದೆ ನಿಂತು, ಅದು ಯಾರದು ಅಂತ ನನಗೆ ಅವತ್ತೇ ಗೊತ್ತಿತ್ತು ಅಂತ ಹೇಳು. ಅವರು ತಮ್ಮ ಮೂಗನ್ನು ತಾವೇ ನಂಬದ ಹಾಗಾಗಿದ್ದಾರೆ. ನನ್ನ ಸ್ಥಿತಿಯೂ ಅದೇ. ಹೇಳಿದ ದಿನ ಬಿಳಿಗೆರೆಗೆ ಬಾ, ಅವ್ವ ಹೋಳಿಗೆ ಮಾಡುತ್ತಾಳೆ.

ಅವ್ವನಿಗೆ ಹೇಳಿಲ್ಲ. ಹೇಗೆ ಹೇಳಲಿ?

ಜ್ಞಾನೇಶ

*

ನೆಲಮಂಗಲ
20 ಮಾರ್ಚ್ 2025

ಪ್ರಿಯ ಜ್ಞಾನಿ,

ಕ್ಷೇಮ ಅಂದುಕೊಂಡಿದ್ದೇನೆ. ಅವ್ವನ ಮಂಡಿ ನೋವು ಹೇಗಿದೆ?

ಹಳೆಯದನ್ನೆಲ್ಲ ಕೆದಕುವುದು ಬೇಡ, ಅದು ಮುಗಿದ ಅಧ್ಯಾಯ. ಒಂದು ಸಹಾಯಕ್ಕೆ ಬರೆಯುತ್ತಿದ್ದೇನೆ. ಪಬ್ಬಿನವರು ಮುಂದಿನ ತಿಂಗಳು ನನ್ನ ಬಿಯರ್ ಮಾಡಲು ದಿನ ಗೊತ್ತು ಮಾಡಿದ್ದಾರೆ. ನೀನು ಬಾಟಲಿ ನಿಲ್ಲಿಸಿದ ಮೇಲೆ ನನ್ನ ಹತ್ತಿರ ಇದ್ದ ಹೆಪ್ಪನ್ನೇ ಹೇಗೋ ಕಾಪಾಡಿಕೊಂಡು ಬಂದೆ, ಈಗ ಹುಳಿಯಾಗಿದೆ. ಅಂಗಡಿ ಯೀಸ್ಟಿನಲ್ಲಿ ಒಂದು ಸಲ ಮಾಡಿ ನೋಡಿದೆವು, ಆ ಪರಿಮಳ ಬರಲಿಲ್ಲ. ಅವರ ಮುಖ್ಯ ಬ್ರೂವರ್ ಕುಡಿದು ನನ್ನ ಮುಖ ನೋಡಿದ. ಸ್ಪರ್ಧೆಗೆ ಕೊಟ್ಟದ್ದು ಇದೇನಾ ಅಂತ ಕೇಳಿದ. ನನ್ನ ಮಾನ ಹೋಗುವ ಪ್ರಶ್ನೆ ಕಣೋ.

ಒಂದೇ ಒಂದು ಬಾಟಲಿ ಸಾಕು, ಇಲ್ಲಿ ಬೆಳೆಸಿಕೊಳ್ಳುತ್ತೇನೆ. ಅವ್ವನನ್ನು ಕೇಳಿದ್ದರೆ ಅವಳು ಇಲ್ಲ ಅನ್ನುತ್ತಿರಲಿಲ್ಲ. ಆದರೂ ನಿನ್ನನ್ನೇ ಕೇಳುತ್ತಿದ್ದೇನೆ.

ಗಿರಿಜಾಂಬಿಕಾ ವಿಷಯ ಪಬ್ಬಿನ ಕೆಲಸ ಮುಗಿಯಲಿ, ಸಮಯ ನೋಡಿ ಮಾತಾಡುತ್ತೇನೆ.

ನಿನ್ನ,
ಸೂರಿ

*

ಬಿಳಿಗೆರೆ
25 ಮಾರ್ಚ್ 2025

ಸೂರಿ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಫ್ರಿಜ್ಜಿನಿಂದ ಹೆಪ್ಪು ತೆಗೆದು ಬಚ್ಚಲಿಗೆ ಸುರಿಯಲು ಎರಡನೇ ಸಲ ಹೋದೆ. ಅವ್ವ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

"ಯಾರಾದ್ರೂ ಕೇಳವ್ರೇನ್ಲಾ?" ಅಂದಳು.

"ಸೂರಿ ಕೇಳವ್ನೆ" ಅಂದೆ.

"ಮತ್ತೆ ಬಚ್ಚಲಿಗ್ಯಾಕ್ ಒಯ್ತಾ ಇದೀಯಾ? ಹೆಪ್ಪು ಕೇಳ್ದೋರ್ಗೆ ಇಲ್ಲ ಅನ್ಬಾರ್ದು ಕಣಪ್ಪ. ಹೊತ್ತು ಮುಳುಗೋಕ್ ಮುಂಚೆ ಬಸ್ಸಿಗ್ ಕೊಟ್ಟು ಬಾ" ಅಂದು, ತಾನೇ ಬಾಟಲಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು. ಅವಳ ಮಾತು ಮೀರುವ ಧೈರ್ಯ ನನಗಿಲ್ಲ.

ಹಾಗಾಗಿ ಕೊಟ್ಟಿದ್ದೇನೆ. ಆದರೆ ನಿನ್ನ ವಿಳಾಸಕ್ಕಲ್ಲ. ಬಾಟಲಿ ರಾಜಾಜಿನಗರದಲ್ಲಿ ಗಿರಿಜಾಂಬಿಕಾ ಅವರ ಮನೆಯಲ್ಲಿದೆ. ರಂಗರಾಜಣ್ಣ ಅವರ ಕೈಗೇ ತಲುಪಿಸಿದ್ದಾರೆ. ನೀನು ಹೋಗಿ ಕೇಳು. ಯಾರ ಮನೆ ಹೆಪ್ಪು ಅಂತ ಅವರು ಕೇಳುತ್ತಾರೆ, ಹಾಗೆ ಕೇಳಿ ಅಂತ ನಾನೇ ಹೇಳಿದ್ದೇನೆ. ಬಿಳಿಗೆರೆ ಸಿದ್ದಮ್ಮನ ಮನೆಯದು, ಅವತ್ತು ನಮ್ಮ ಮೇಜಿಗೆ ಬಂದದ್ದೂ ಅದೇ ಮನೆಯದು, ನನಗೆ ಗೊತ್ತಿತ್ತು ಅನ್ನು. ಅಂದರೆ ಆ ಕ್ಷಣವೇ ಬಾಟಲಿ ನಿನ್ನ ಕೈಗೆ ಬರುತ್ತದೆ. ಬೇರೆ ಷರತ್ತು ಏನೂ ಇಲ್ಲ.

ಹೋಗು ಸೂರಿ. ನೆಲಮಂಗಲದಿಂದ ರಾಜಾಜಿನಗರ ಎಷ್ಟು ದೂರ?

ಜ್ಞಾನೇಶ

*

ಬೆಂಗಳೂರು
4 ಮೇ 2025

ಶ್ರೀ ಜ್ಞಾನೇಶ್ ಅವರಿಗೆ ನಮಸ್ಕಾರ.

ನೀವು ಫೋನ್ ಮಾಡಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವಿಬ್ಬರೂ ಪತ್ರ ಬರೆಯುವವರು ಅಂತ ರಂಗರಾಜು ಅವರು ಹೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಸೂರ್ಯಪ್ರಕಾಶ್ ಬರಲಿಲ್ಲ. ಏಪ್ರಿಲ್ ಮೊದಲ ವಾರ ಒಂದು ಫೋನ್ ಬಂದಿತ್ತು. "ಮೇಡಂ, ಬಾಟಲಿ ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ರ ಕೊಟ್ಟಿರಿ, ಪಬ್ಬಿನ ಹುಡುಗನ್ನ ಕಳಿಸ್ತೀನಿ" ಅಂದರು. ನೀವೇ ಬನ್ನಿ, ಒಂದು ಮಾತು ಕೇಳೋದಿದೆ ಅಂದೆ. ಆಯ್ತು ಬರ್ತೀನಿ ಅಂದರು. ಅವತ್ತು ಸಂಜೆ ಮತ್ತು ಮಾರನೇ ದಿನ ನಾನು ಎಲ್ಲಿಗೂ ಹೋಗದೆ ಕಾದೆ.

ಮೊನ್ನೆ ಆ ಪಬ್ಬಿಗೆ ಹೋಗಿದ್ದೆ. ಬೋರ್ಡಿನಲ್ಲಿ ಅವರ ಹೆಸರಿದೆ. ಬಿಯರ್ ತರಿಸಿ ಕುಡಿದೆ. ಅಂಗಡಿ ಯೀಸ್ಟ್. ಕೆಟ್ಟದೇನಲ್ಲ, ಪಕ್ಕದ ಮೇಜಿನವರು ಚೆನ್ನಾಗಿದೆ ಅಂತ ಇನ್ನೊಂದು ತರಿಸಿಕೊಂಡರು. ಆದರೆ ಸ್ಪರ್ಧೆಯಲ್ಲಿ ಗೆದ್ದದ್ದು ಅದಲ್ಲ. ಈ ಸಲ ನನ್ನ ಮೂಗನ್ನು ನಾನು ನಂಬಿದೆ. ಮುಂದಿನ ಸ್ಪರ್ಧೆಯಲ್ಲಿ ಯಾರು ಎಷ್ಟು ಗಟ್ಟಿಯಾಗಿ ಮಾತಾಡಿದರೂ ಬರೆದ ಅಂಕದಿಂದ ಇಳಿಯುವುದಿಲ್ಲ.

ಅವರಿಗೆ ಆ ಒಂದು ಮಾತು ಇಷ್ಟು ಭಾರ ಅಂತ ನಾನು ತಿಳಿದಿರಲಿಲ್ಲ. ಕ್ಷಮಿಸಿ, ಇದನ್ನು ನಿಮಗೆ ಹೇಳಬಾರದಿತ್ತೇನೋ.

ಬಾಟಲಿ ನಮ್ಮ ಫ್ರಿಜ್ಜಿನಲ್ಲೇ ಇದೆ. ಹಸಿದಿದೆಯೋ ಏನೋ, ಮೇಲೆ ತಿಳಿ ನಿಂತು ಸಪ್ಪಗಾಗಿದೆ. ಸಾಯಲು ಬಿಡಲು ಮನಸ್ಸಾಗುತ್ತಿಲ್ಲ. ಅದಕ್ಕೆ ಏನು ಹಾಕಬೇಕು?

ಇಂತಿ,
ಗಿರಿಜಾಂಬಿಕಾ

*

ಬಿಳಿಗೆರೆ
9 ಮೇ 2025

ಗಿರಿಜಾಂಬಿಕಾ ಮೇಡಂ ಅವರಿಗೆ ನಮಸ್ಕಾರ.

ಮೊಳಕೆ ರಾಗಿಯ ಹಿಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ತಿಳಿ ಬಸಿದು ಕುದಿಸಿ. ಪೂರ್ತಿ ಆರಿದ ಮೇಲೆ ಒಂದು ಲೋಟ ಬಾಟಲಿಗೆ ಹಾಕಿ ಹೊರಗಿಡಿ, ಮುಚ್ಚಳ ಬಿಗಿಯಬೇಡಿ. ಮಾರನೇ ದಿನ ನೊರೆ ಬಂದರೆ ಬದುಕಿದೆ ಅಂತ ಅರ್ಥ. ಅದು ಗಟ್ಟಿ ಜೀವ, ಬದುಕುತ್ತದೆ. ಇನ್ನು ಮೇಲೆ ಅದು ನಿಮ್ಮ ಮನೆಯದು.

ಅವನು ಬರುತ್ತಾನೆ ಅಂತ ನಾನು ನಂಬಿದ್ದೆ. ಪಾಪ, ಹೆಪ್ಪಿಗಾದರೂ ಬರುತ್ತಾನೆ ಅಂದುಕೊಂಡಿದ್ದೆ. ಬಿಯರ್ ಕೆಟ್ಟರೂ ಪರವಾಗಿಲ್ಲ, ನನ್ನ ಹೆಸರು ಬಾಯಲ್ಲಿ ಬರಬಾರದು ಅನ್ನುವಷ್ಟು ದೂರ ಹೋದನಲ್ಲ. ಅಂಕ ಕಡಿದದ್ದಕ್ಕಿಂತ ಇದು ಹೆಚ್ಚು ನೋಯುತ್ತಿದೆ. ಫೋಟೋ ಗೋಡೆಯಿಂದ ತೆಗೆದಿದ್ದೇನೆ. ಹಾಗಂತ ಎಂದಾದರೂ ನಿಮ್ಮ ಬಾಗಿಲಿಗೆ ಬಂದು ಕೇಳಿದರೆ ಇಲ್ಲ ಅನ್ನಬೇಡಿ. ಯಾರ ಮನೆಯದು ಅಂತ ಮಾತ್ರ ಕೇಳಿ.

ಅವ್ವನಿಗೆ ಇನ್ನೂ ಏನೂ ಹೇಳಿಲ್ಲ. ತಿಂಗಳಾಯಿತು ಅಂದರೆ ಅವಳು ತಾನಾಗೇ ಬಾಟಲಿ ತೊಳೆದು ಬಿಸಿಲಿಗೆ ಇಡುತ್ತಾಳೆ. ಇವತ್ತೂ ಇಟ್ಟಿದ್ದಳು. ನಾನು ತೋಟಕ್ಕೆ ಹೋಗುವ ಮೊದಲೇ ಅದನ್ನು ತೆಗೆದು ಅಟ್ಟದ ಮೇಲೆ ಕಾಯಿಗಳ ಹಿಂದೆ ಬಚ್ಚಿಟ್ಟೆ. ವಾಪಸ್ ಬಂದಾಗ, ಬಾಟಲಿ ಕಾಣದೆ, "ಸೂರಿಗ್ ಕಳಿಸ್ದೇನ್ಲಾ?" ಅಂತ ಕೇಳಿದಳು.

ಕಳಿಸಿದೆ ಅಂದೆ.

ಇಂತಿ,
ಜ್ಞಾನೇಶ